ಮೂರೂವರೆ ಔನ್ಸು

ಆಯ್‌ಸ್ಟಿನ್ಸ್ ಮೀನುಪೇಟೆ ಮುಚ್ಚುವ ಹೊತ್ತಿಗೆ
ಅರ್ಮೀನ್ ಗಿಟೆನ್ಸ್ ಬಂದಳು, ಕಂಕುಳಲ್ಲಿ ಬ್ಯಾಟು,
ಮುಂಗೈಗೆ ಬಟ್ಟೆಯ ಪಟ್ಟಿ.
ನಾನು ದೋಣಿಯೊಂದರ ಹೊಟ್ಟೆಯಡಿ ಅಂಗಾತ ಮಲಗಿ
ಬಿರುಕಿಗೆ ನಾರು ತುರುಕುತ್ತಿದ್ದೆ.
"ಸೆಲ್ವಿನ್, ಎದ್ದೇಳು. ಇದರಲ್ಲಿ ನಾಲ್ಕು ಔನ್ಸು ಇಳಿಸಬೇಕು.
ಹೊಡೆತ ಮಾತ್ರ ಹೋಗಬಾರದು.
ಔನ್ಸಿಗೆ ಎರಡು ಮೀನು ಕೊಡ್ತೀನಿ."

ಎಲ್ಲರೂ ಹೀಗೇ ಕೇಳುತ್ತಾರೆ.
ತೂಕ ಇಳಿಯಬೇಕು, ಗತ್ತು ಇಳಿಯಬಾರದು.
ಡಾಕ್ಟರ ಮುಂದೆ ಕೂತಾಗ ನನಗೂ ಅದೇ ಆಸೆ.

ತಕ್ಕಡಿಗಿಟ್ಟೆ: ನಲವತ್ತಾರು.
ಕ್ಲಬ್ಬಿನ ಯಾರೋ ಆರಡಿ ಗಂಡಸು ಬಿಟ್ಟುಹೋದ ಬ್ಯಾಟು,
ಎತ್ತಿದರೆ ಬುಡ ನೆಲದ ಕಡೆಗೇ ಜಗ್ಗುತ್ತದೆ.
ಇವಳೋ ದಿನಕ್ಕೆ ಮುನ್ನೂರು ಹಾರುಮೀನು ಸೀಳುವವಳು,
ಸಂಜೆಗೆ ಮಣಿಕಟ್ಟು ಇವಳ ಮಾತು ಕೇಳುವುದಿಲ್ಲ.
ಆದರೂ ಶನಿವಾರ ಮೂರನೆಯವಳಾಗಿ ಇಳಿಯಲೇಬೇಕು.

ತಕ್ಷಣ ಹ್ಞೂಂ ಅನ್ನಲಿಲ್ಲ ನಾನು.
ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಹುಡುಗ, ಡಾರ್ನ್‌ಲಿ,
ಹೀಗೇ ಬಂದಿದ್ದ. ಆಗ ನಾನು ಬಲು ಜಾಣ.
ಬುಡದಿಂದ ಬೈರಿಗೆ ಹಾಕಿ ಮೂರು ತೂತು ಕೊರೆದು,
ಬಾಯಿಗೆ ಬೆಣೆ ಬಡಿದು, ಮೇಲೆ ಎಣ್ಣೆ ಸವರಿ,
ಹೂವಿನ ಹಾಗಿದೆ ನೋಡು ಅಂತ ಕೊಟ್ಟೆ.
ಫೈನಲ್ಲಿನ ಎರಡನೇ ಚೆಂಡು, ಯಾರ್ಕರ್.
ಬ್ಯಾಟು ಬುಡದಿಂದ ಬಾಯಿ ಬಿಟ್ಟಿತು.
ಅವನು ಬೈಯಲಿಲ್ಲ. ಎರಡೂ ಹೋಳು ತಂದು
ಈ ಬಾಗಿಲಿಗೆ ಒರಗಿಸಿ ಹೋದ.
ಬೈದಿದ್ದರೆ ಮರೆತುಬಿಡುತ್ತಿದ್ದೆ.

ಇದನ್ನೆಲ್ಲ ಹೇಳಿದೆ. ಅವಳು ಚೀಲದಿಂದ
ಮಾರದೆ ಉಳಿದ ಮೀನೊಂದನ್ನು ತೆಗೆದು
ನನ್ನ ಉಳಿಗಳ ಪಕ್ಕ ಮಲಗಿಸಿದಳು.
ಚೂರಿ ಎಲ್ಲಿ ಹೊಕ್ಕಿತೋ ಕಾಣಲಿಲ್ಲ,
ಬೆನ್ನೆಲುಬು ಹಣಿಗೆಯಂತೆ ಎದ್ದು ಬಂತು,
ಮಾಂಸದ ಒಂದೆಳೆ ಹರಿಯಲಿಲ್ಲ.
"ಹೀಗೆ" ಅಂದಳು.
"ಬ್ಯಾಟಿಗೆ ಬೆನ್ನೆಲುಬೇ ಬೇಕು, ಮಾರಾಯ್ತಿ. ಅದು ಉಲ್ಟಾ."
"ಹಾಗಾದರೆ ಉಲ್ಟಾ ಮಾಡು."

ಮುಖ ಮುಟ್ಟಲಿಲ್ಲ. ಏಟು ತಿಂದು ತಿಂದು ಬಲಿತ ಚರ್ಮ ಅದು,
ಹೆರೆದರೆ ಒಳಗಿನ ಹಸುಗೂಸು ಬಯಲಾಗುತ್ತದೆ.
ಹಿಂದಿನ ಉಬ್ಬು, ಚೆಂಡಿಗೆ ಉತ್ತರ ಕೊಡುವ ಜಾಗ,
ಅದನ್ನೂ ಬಿಟ್ಟೆ.
ಹಿಡಿಯ ಎರಡನೇ ರಬ್ಬರು ಕಿತ್ತರೆ ಸುಲಭವಿತ್ತು:
ತಕ್ಕಡಿ ಹಗುರ ಅನ್ನುತ್ತಿತ್ತು, ಕೈ ಇನ್ನಷ್ಟು ಭಾರ ಅನ್ನುತ್ತಿತ್ತು.
ತೂಕ ಬೇರೆ, ಭಾರ ಬೇರೆ;
ತೂಕ ಮರದಲ್ಲಿ, ಭಾರ ತುದಿಯಲ್ಲಿ.

ಹೆಗಲಿನಿಂದ ಒಂದಿಷ್ಟು, ಯಾವ ಚೆಂಡೂ ಹುಡುಕಿ ಬರದ ಹೆಗಲು.
ಉಬ್ಬಿನ ಎರಡೂ ಮಗ್ಗುಲು, ಹರಿಗೋಲಿನಷ್ಟು ಇಳಿಜಾರು.
ಬುಡದ ಹಿಂಬದಿಯಿಂದ ಕೂದಲೆಳೆ, ಮತ್ತೊಂದು ಕೂದಲೆಳೆ.
ಗಾಜಿನ ಚೂರಲ್ಲಿ ಹೆರೆಯುತ್ತಾ
ಬ್ಯಾಟನ್ನಲ್ಲ, ಉದುರಿದ ಸಿಪ್ಪೆಯನ್ನು ತೂಗಿದೆ.
ಒಂದು. ಎರಡು.
ಹೊರಗೆ ಯಾರೋ ಡಾಮಿನೋ ಕುಕ್ಕುತ್ತಿದ್ದರು.
ಮೂರು. ಮೂರೂವರೆ.
ಅಲ್ಲಿ ಕೈ ನಿಂತಿತು.
ಡಾರ್ನ್‌ಲಿ ಬಾಗಿಲಿಗೆ ಒರಗಿ ನಿಂತಿದ್ದ.

"ನಾಲ್ಕು ಇಳೀತಾ?"
"ಇಳೀತು" ಅಂದೆ.
ಒಂದೇ ಕೈಯಲ್ಲಿ ಎತ್ತಿದಳು, ಗಾಳಿಗೆ ಒಂದು ಕವರ್ ಡ್ರೈವ್,
ಮಾತಾಡದೆ ಪೊಟ್ಟಣ ಇಟ್ಟು ಹೋದಳು.
ರಾತ್ರಿ ಬಿಚ್ಚಿದರೆ ಏಳೇ ಮೀನು.
ಅವಸರದಲ್ಲಿ ಮರೆತಿರಬೇಕು ಅಂದುಕೊಂಡೆ.

ಶನಿವಾರ ಬೇಲಿಯಾಚೆ, ದೀವಿಹಲಸಿನ ನೆರಳಲ್ಲಿ,
ಕಣ್ಣು ಮುಚ್ಚಿ ನಿಂತಿದ್ದೆ.
ಸದ್ದು ಬಂತು. ತುಂಬಿದ ಸದ್ದು, ಟೊಳ್ಳಲ್ಲ.
ಆಮೇಲೆ ಕಣ್ಣು ಬಿಟ್ಟೆ.
ಇಪ್ಪತ್ತಮೂರು ಹೊಡೆದು, ಮುಂದಿನದಕ್ಕೆ ದುಡುಕಿ
ಮಿಡ್‌ವಿಕೆಟ್ಟಿನ ಹುಡುಗಿಯ ಕೈಗೆ ಕೊಟ್ಟಳು.
ಪ್ಯಾಡು ಬಿಚ್ಚದೆ ನೇರ ನನ್ನ ಹತ್ತಿರವೇ ಬಂದಳು.

"ಬ್ಯಾಟಿನದೇನೂ ತಪ್ಪಿಲ್ಲ" ಅಂದಳು,
ಬೆವರು ಒರೆಸಿಕೊಳ್ಳುತ್ತಾ.
"ಮೀನು ಎಣಿಸಿಕೊಂಡೆಯಾ, ಸೆಲ್ವಿನ್?"